ಮೂರನೇ ಭಾಗದ ಪರವಾಗಿ

ನಮ್ಮ ಮನೆಯಲ್ಲಿ ಮಾತಿನಿಂದ ಯಾವುದೂ ತೀರ್ಮಾನವಾಗಬಾರದು ಎಂದು ಅಪ್ಪ ಕಾನೂನು ಮಾಡಿದ್ದು ನನ್ನ ಕಾಟ ತಾಳಲಾರದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದು ತಂದ ಕಪ್ಪುಗಳು ಶೋಕೇಸಿನಲ್ಲಿ ಜಾಗ ಸಾಲದೆ ಫ್ರಿಜ್ಜಿನ ಮೇಲೆ ಹತ್ತಿ ಕೂತಿದ್ದವು. ಅದರ ಫಲವನ್ನು ಮನೆಯವರು ತಿಂಡಿಗೂ ಊಟಕ್ಕೂ ಅನುಭವಿಸುತ್ತಿದ್ದರು. ಇಡ್ಲಿಯೋ ಉಪ್ಪಿಟ್ಟೋ ಅಂತ ಅಮ್ಮ ಕೇಳಿದರೆ, ‘ಮೊದಲು ಪ್ರಶ್ನೆಯ ವ್ಯಾಪ್ತಿ ಏನು ಅಂತ ಗೊತ್ತುಮಾಡಿಕೊಳ್ಳೋಣ’ ಎಂದು ಶುರು ಮಾಡುತ್ತಿದ್ದೆ. ಒಂದು ದಿನ ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿ, “ನೋಡಮ್ಮ, ಮಾತಾಡಿದ್ರೆ ನೀನೇ ಗೆಲ್ತೀಯ. ಅದು ನ್ಯಾಯ ಅಲ್ಲ, ಹಿಂಸೆ. ಇನ್ಮೇಲೆ ನೀನೂ ನಿಮ್ಮಣ್ಣನೂ ಏನಿದ್ರೂ ಆ ಹೊಡೆದಾಟದ ಆಟದಲ್ಲಿ ತೀರಿಸ್ಕೊಳ್ಳಿ” ಅಂದರು.

ಹೊಡೆದಾಟದ ಆಟ ಅಂದರೆ ಟೀವಿಗೆ ಸಿಕ್ಕಿಸಿ ಆಡುವ ವಿಡಿಯೊ ಗೇಮು. ಇಬ್ಬರು ಎದುರುಬದುರು ನಿಂತು ಒಬ್ಬರ ಪ್ರಾಣ ಮುಗಿಯುವವರೆಗೆ ಗುದ್ದಾಡುತ್ತಾರೆ, ಅಷ್ಟೇ ಕಥೆ. ನಮ್ಮ ಮನೆಯಲ್ಲಿದ್ದದ್ದು ಅದರ ಎರಡನೇ ಭಾಗ. ಡಿಸ್ಕಿನ ಮೇಲೆ ಗೀರು ಬಿದ್ದು ಬಿದ್ದು ಅಜ್ಜನ ಅಂಗೈ ಹಾಗಾಗಿತ್ತು, ಆದರೂ ಓಡುತ್ತಿತ್ತು. ಆಡುವ ಪದ್ಧತಿಯನ್ನು ಅಣ್ಣ ಶಿವಾಜಿನಗರದಿಂದ ಹೊತ್ತು ತಂದಿದ್ದ. ಶಾಲೆಗೆ ಹೋಗುವ ಕಾಲದಲ್ಲಿ ಅವನು ಟ್ಯೂಷನ್ ತಪ್ಪಿಸಿ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯ ಗೇಮಿನಂಗಡಿಯಲ್ಲಿ ಕೂರುತ್ತಿದ್ದ. ಅಲ್ಲಿಯ ಮಾಲೀಕ ಸ್ಟೂಲಿನ ಮೇಲೆ ಕೂತಲ್ಲೇ “ಹಾರೇ ಸೋ ಉಠೋ” ಎಂದು ಕೂಗುತ್ತಿದ್ದನಂತೆ. ಸೋತವರು ಎದ್ದು ಪಕ್ಕದಲ್ಲಿ ನಿಂತವರ ಕೈಗೆ ಆಟದ ಪ್ಯಾಡು ಕೊಡಬೇಕು, ಗೆದ್ದವರು ಕೂತೇ ಇರುತ್ತಾರೆ.

ಹಲಸೂರಿನ ನಮ್ಮ ಮನೆಯ ಹಾಲ್‌ನಲ್ಲಿ ಪಕ್ಕ ನಿಲ್ಲಲು ಯಾರಿದ್ದಾರೆ? ಅಮ್ಮ ಒಬ್ಬಳು. ಅವಳು ಸೋಫಾದ ಕೈಗೆ ಸೀರೆಯ ಸೆರಗು ಬಿಗಿದು ಕುಚ್ಚು ಕಟ್ಟುತ್ತಾ ಕೂತಿರುತ್ತಿದ್ದಳು. ಸುತ್ತಮುತ್ತಲ ಬೀದಿಗಳ ಮದುವೆ ಸೀರೆಗಳಿಗೆಲ್ಲ ಅವಳೇ ಕುಚ್ಚು. ಪದ್ಧತಿ ಪದ್ಧತಿಯೇ. ಹಾಗಾಗಿ ಸೋತವರು ಪ್ರತಿ ಸಲ ಎದ್ದು, ಪ್ಯಾಡನ್ನು ಅವಳ ಕಡೆ ಚಾಚಿ, “ಅಮ್ಮ, ಆಡ್ತೀಯಾ?” ಅನ್ನಬೇಕು. ಅವಳು ಬಾಯಲ್ಲಿ ದಾರ ಕಚ್ಚಿಕೊಂಡೇ “ಹ್ಞೂಂಹ್ಞೂಂ” ಎಂದು ತಲೆ ಆಡಿಸಬೇಕು. ಆಮೇಲೆ ಸೋತವರೇ ಮತ್ತೆ ಕೂರಬಹುದು. ಪೂಜೆಯ ಕೊನೆಗೆ ಗಂಟೆ ಅಲ್ಲಾಡಿಸಿದ ಹಾಗೆ, ಯಾರೂ ಯೋಚನೆ ಮಾಡದೆ ನಡೆಸುತ್ತಿದ್ದ ಶಾಸ್ತ್ರ ಅದು. ಅಪ್ಪ ಸಂಜೆ ಕೆರೆ ಸುತ್ತಿ ಬಂದು ಗೇಟಿನ ಚಿಲಕ ಸರಿಸಿದಾಗ ಆಟ ಮುಗಿಯುತ್ತಿತ್ತು. ಆ ಶಬ್ದ ಕೇಳಿದಾಗ ಗೆದ್ದು ಕೂತವರು ಯಾರೋ ಅವರು ಹೇಳಿದ್ದೇ ಆಗಬೇಕು.

ಆಗುತ್ತಿದ್ದದ್ದು ನಾನು ಹೇಳಿದ್ದೇ. ಭಾನುವಾರ ಬೆಳಿಗ್ಗೆ ಮಟನ್ ತರಲು ಯಾರು ಹೋಗಬೇಕು ಎನ್ನುವುದು ಕಾಯಂ ವಿಷಯ. ಅಣ್ಣ ಎಷ್ಟು ವಾರ ಸೋತಿದ್ದನೆಂದರೆ ರಸೆಲ್ ಮಾರುಕಟ್ಟೆಯ ಕಸಾಯಿಯವರು ಅವನನ್ನು ನೋಡಿದ ತಕ್ಷಣ ಕತ್ತಿ ಮಸೆಯುತ್ತಿದ್ದರು. ಆಟದೊಳಗೆ ನನ್ನ ಪರವಾಗಿ ಗುದ್ದಾಡುವ ಆಳು ಒಬ್ಬಳು ಮುದುಕಿ. ಬೆನ್ನು ಬಾಗಿದ, ಹಲ್ಲುದುರಿದ ಮೀನುಗಾರ್ತಿ. ಹೆಗಲ ಮೇಲೆ ಹರಿದ ಬಲೆ. ಆ ಬಲೆಯನ್ನು ಸರಿಯಾಗಿ ಬೀಸಲು ಪ್ಯಾಡಿನ ಕಡ್ಡಿಯನ್ನು ಹಿಂದಕ್ಕೆ ಎಳೆದು ಹಿಡಿದು, ಅರ್ಧ ಸುತ್ತು ತಿರುಗಿಸಿ, ಎದುರಾಳಿ ಕಾಲೆತ್ತಿದ ಆ ಒಂದು ಕ್ಷಣಕ್ಕೇ ಎರಡು ಬಟನ್ ಒತ್ತಬೇಕು. ಹೆಬ್ಬೆರಳಿಗೆ ಬೊಕ್ಕೆ ಬಂದು, ಒಡೆದು, ಗಟ್ಟಿಯಾದ ಮೇಲೆ ನನಗೆ ಆ ವಿದ್ಯೆ ಹತ್ತಿದ್ದು. ಅಣ್ಣನದು ಕಬ್ಬಿಣದ ತೋಳಿನ ದೈತ್ಯ. ದೈತ್ಯ ಮುನ್ನುಗ್ಗುತ್ತಾನೆ, ಮುದುಕಿ ಬಲೆ ಬೀಸುತ್ತಾಳೆ, ದೈತ್ಯ ಮೀನಾಗುತ್ತಾನೆ. ಈ ಮನೆಯಲ್ಲಿ ಗಂಡಸಿನ ತೂಕಕ್ಕೆ ಬೆಲೆಯಿಲ್ಲದ ಜಾಗ ಅದೊಂದೇ ಆಗಿತ್ತು.

ಹೀಗಿರುವಾಗ ಮೂರನೇ ಭಾಗ ಬಂತು.

ವರ್ಷಗಟ್ಟಲೆ ಕಾದಿದ್ದೆವು. ಅದರ ಜಾಹೀರಾತನ್ನು ಊಟ ಬಿಟ್ಟು ನೋಡಿದ್ದೆವು. ಅಣ್ಣ ಮೊದಲೇ ಬುಕ್ ಮಾಡಿ, ಬಿಡುಗಡೆಯ ದಿನ ಇಂದಿರಾನಗರದ ಅಂಗಡಿಯಿಂದ ತಂದ ಡಬ್ಬಿಗೆ ಅರಿಶಿನ ಕುಂಕುಮ ಹಚ್ಚುವುದೊಂದು ಬಾಕಿ. ತೆರೆದರೆ ಒಳಗೆ ಡಿಸ್ಕಿತ್ತು, ಆದರೆ ಆಟ ಇರಲಿಲ್ಲ. ಆಟ ಅಂತರ್ಜಾಲದಿಂದ ಇಳಿಯಬೇಕಂತೆ. ಅದು ಇಳಿಯುವಷ್ಟರಲ್ಲಿ ಕರೆಂಟು ಹೋಗಿ, ಬಂದು, ಮತ್ತೆ ಹೋಯಿತು. ಕೊನೆಗೆ ಇಳಿದಾಗ ಖಾತೆ ತೆರೆಯಿರಿ ಅಂತು, ತೆರೆದೆವು. ಷರತ್ತು ಒಪ್ಪಿ ಅಂತು, ಓದದೆ ಒಪ್ಪಿದೆವು. ಒಂದೇ ಸೋಫಾದ ಮೇಲೆ ಮೊಣಕೈ ತಾಗಿಸಿಕೊಂಡು ಕೂತ ಅಣ್ಣ ತಂಗಿ ಗುದ್ದಾಡಲು ಸಮುದ್ರದಾಚೆಯ ಯಾವುದೋ ಯಂತ್ರದ ಅಪ್ಪಣೆ ಬೇಕು! ನಮ್ಮ ಅಜ್ಜಿ ಇದ್ದಿದ್ದರೆ, ಜಗಳಕ್ಕೂ ಲೈಸೆನ್ಸಾ ಅಂತ ಕೇಳುತ್ತಿದ್ದಳು.

ನನ್ನ ಮುದುಕಿಯನ್ನು ಹುಡುಕಿದೆ. ಸಿಗಲಿಲ್ಲ. ಅವಳ ಹೆಸರಿನ ಮೇಲೆ ಯಾರೋ ಹುಡುಗಿ ನಿಂತಿದ್ದಳು. ಬೆನ್ನು ನೆಟ್ಟಗೆ, ಸೊಂಟ ಹಿಡಿಯಷ್ಟು, ಕೂದಲು ಶ್ಯಾಂಪೂ ಜಾಹೀರಾತಿನ ಹಾಗೆ ಗಾಳಿಯಿಲ್ಲದೆಯೂ ಹಾರುತ್ತಿದೆ. ಹರಿದ ಬಲೆ ಹೋಗಿ ಮಿಂಚುವ ದುಪ್ಪಟ್ಟದಂಥದ್ದು ಬಂದಿದೆ. ಕಥೆ ಏನಪ್ಪಾ ಅಂದರೆ, ಮಾಯದ ನೀರಿನಲ್ಲಿ ಮುಳುಗಿ ಎದ್ದಳಂತೆ, ಯೌವನ ಬಂತಂತೆ. ಜಗತ್ತಿನ ಅಷ್ಟೂ ಆಟಗಳಲ್ಲಿ ಹುಡುಕಿದರೂ ಗೆಲ್ಲುವ ಮುದುಕಿ ಸಿಗುವುದು ಕಷ್ಟ. ಇದ್ದೊಬ್ಬಳನ್ನೂ ಇವರು ಪಾರ್ಲರಿಗೆ ಕಳಿಸಿಬಿಟ್ಟಿದ್ದರು. ಹಳೆಯ ಬಾಗಿದ ಬೆನ್ನು ಬೇಕಿದ್ದರೆ ಬೇರೆಯಾಗಿ ಕೊಳ್ಳಬೇಕಂತೆ. ಮುಪ್ಪಿಗೂ ಅಂಗಡಿ ಇಟ್ಟಿದ್ದಾರೆ ಮಹಾನುಭಾವರು.

ಇದನ್ನೂ ಕ್ಷಮಿಸಬಹುದಿತ್ತು. ಕ್ಷಮಿಸಲಾಗದ್ದು ‘ಸುಲಭ ವಿಧಾನ’. ಅದನ್ನು ಆರಿಸಿಕೊಂಡರೆ ಒಂದೇ ಬಟನ್. ಒತ್ತುತ್ತಾ ಇದ್ದರೆ ಸಾಕು, ಹೊಡೆತ, ತಪ್ಪಿಸುವುದು, ಬಲೆ ಬೀಸುವುದು ಎಲ್ಲವನ್ನೂ ಆಟವೇ ನೋಡಿಕೊಳ್ಳುತ್ತದೆ. ನನ್ನ ಹೆಬ್ಬೆರಳಿನ ಬೊಕ್ಕೆಯ ಬೆಲೆ ಈಗ ಒಂದು ಬಟನ್. ಅದರ ಜೊತೆಗೆ ದಯೆಯ ಪಟ್ಟಿ ಎಂಬ ಇನ್ನೊಂದು ಅನಿಷ್ಟ. ಒದೆ ತಿನ್ನುತ್ತಿರುವವರ ತಲೆಯ ಮೇಲೆ ಒಂದು ಕೆಂಪು ಗೆರೆ ತುಂಬುತ್ತಾ ಹೋಗುತ್ತದೆ. ಪೂರ್ತಿ ತುಂಬಿದಾಗ ಅವರು ಒಂದು ಸಲ ಒತ್ತಿದರೆ ಗೆಲ್ಲುತ್ತಿದ್ದವರು ಮಣ್ಣುಪಾಲು. ಚರ್ಚಾಸ್ಪರ್ಧೆಯಲ್ಲಿ ಅತಿ ಕೆಟ್ಟದಾಗಿ ಮಾತಾಡಿದವರಿಗೆ ತೀರ್ಪುಗಾರರೇ ಎದ್ದು ಬಂದು ಸಮಾರೋಪದ ಭಾಷಣ ಬರೆದುಕೊಟ್ಟ ಹಾಗೆ.

ಆ ವಾರವೆಲ್ಲ ನಾನು ಬೇರೆ ಮಾತಾಡಲಿಲ್ಲ. “ಇದು ಆಟವೇ ಅಲ್ಲ. ಇದರಲ್ಲಿ ಗೆದ್ದವರು ಗೆದ್ದಿಲ್ಲ, ಸೋತವರು ಸೋತಿಲ್ಲ. ಕೋತಿ ಕೂತು ಒತ್ತಿದ್ರೂ ಗೆಲ್ಲುತ್ತೆ” ಎಂದು ಸಾಂಬಾರಿಗೊಂದು ಸಲ, ಮಜ್ಜಿಗೆಗೊಂದು ಸಲ ವಾದ ಮಂಡಿಸಿದೆ.

“ಬಿಡು ಗುರು, ಹೊಸಬರೂ ಆಡ್ಲಿ ಅಂತ ಮಾಡಿದಾರೆ” ಅಂದ ಅಣ್ಣ. ಅವನಿಗೆ ಮೂರನೇ ಭಾಗ ಬಹಳ ಇಷ್ಟವಾಗಿತ್ತು. ಯಾಕೆಂದು ಹೇಳಬೇಕಾಗಿಲ್ಲ.

ಇಷ್ಟಾಗುವಾಗಲೇ ಮಹಡಿಯ ರೂಮು ಖಾಲಿಯಾಯಿತು. ತಾತ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಅಪ್ಪ ಬಾಡಿಗೆ ಪೋರ್ಷನ್ ಬೆಳೆಸಿದ್ದರು. ಅದರ ತುತ್ತತುದಿಯಲ್ಲಿ ತಾರಸಿಗೆ ಅಂಟಿಕೊಂಡ ಒಂದು ರೂಮು, ಬಚ್ಚಲು, ಪೂರ್ವಕ್ಕೆ ದೊಡ್ಡ ಕಿಟಕಿ. ಅಲ್ಲಿದ್ದ ಗಂಡಹೆಂಡತಿ ಜೀವನ್ ಬಿಮಾ ನಗರದಲ್ಲಿ ದೊಡ್ಡ ಮನೆ ಸಿಕ್ಕಿತೆಂದು ಹೊರಟರು. ಈ ಸಲ ಬಾಡಿಗೆಗೆ ಕೊಡುವುದು ಬೇಡ, ಮನೆಯವರೇ ಇಟ್ಟುಕೊಳ್ಳೋಣ ಎಂದರು ಅಪ್ಪ. ನನಗೆ ಅದು ಬೇಕಿತ್ತು. ನನ್ನದು ಕಂಪನಿಯೊಂದಕ್ಕೆ ಮನೆಯಿಂದಲೇ ಮಾಡುವ ಕೆಲಸ: ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು. ಇಂಥ ಸ್ವಭಾವಕ್ಕೆ ಸಂಬಳವೂ ಕೊಡುತ್ತಾರೆ ಎಂದು ಅಮ್ಮನಿಗೆ ಈಗಲೂ ನಂಬಿಕೆಯಿಲ್ಲ. ಊಟದ ಮೇಜಿನ ಒಂದು ಮೂಲೆಯಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ನನ್ನ ಆಫೀಸು. ಮೀಟಿಂಗಿನಲ್ಲಿ ನಾನು ಬಾಯಿ ತೆರೆದರೆ ಮಿಕ್ಸಿಯೂ ತೆರೆಯುತ್ತಿತ್ತು.

ಅಣ್ಣನಿಗೂ ಬೇಕಿತ್ತು. ಅವನು ಕೃಷ್ಣರಾಜಪುರದಲ್ಲಿ ಸೋದರಮಾವನ ಜೊತೆ ಸೈಟು ತೋರಿಸುವ ದಂಧೆಯಲ್ಲಿದ್ದ. ದಿನಾ ಹಳೇ ಮದ್ರಾಸು ರಸ್ತೆಯ ಟ್ರಾಫಿಕ್ಕಿನಲ್ಲಿ ಅರ್ಧ ಆಯುಷ್ಯ ಕಳೆದು ಬಂದವನಿಗೆ “ಒಂದು ಪ್ರೈವೇಟ್ ಜಾಗ” ಬೇಕಂತೆ.

ಅಪ್ಪ ಕಾಫಿ ಹೀರುತ್ತಾ, “ಇದರಲ್ಲಿ ಕೇಳೋದೇನಿದೆ? ಅವನಿಗೆ ನಾಳೆ ಮದುವೆ ಆಗುತ್ತೆ, ರೂಮು ಬೇಕಾಗುತ್ತೆ. ನೀನು ಹೇಗಿದ್ರೂ ಹೋಗೋಳು” ಅಂದರು.

“ಹೋಗೋಳು ಅಂದ್ರೆ? ಎಲ್ಲಿಗೆ? ಮುಹೂರ್ತ ಇಟ್ಟಾಗಿದೆಯಾ, ಇಲ್ಲ ರೈಲ್ವೆ ಟಿಕೆಟ್ಟಾ?”

“ನೋಡು, ಶುರು ಮಾಡಿದ್ಲು.”

“ಶುರು ಮಾಡಲ್ಲ ಅಪ್ಪ. ಮಾತಲ್ಲಿ ತೀರ್ಮಾನ ಬೇಡ ಅಂದೋರು ನೀವು. ಆಟದಲ್ಲಿ ತೀರಿಸಿ.”

ಅಪ್ಪ ಅಣ್ಣನ ಮುಖ ನೋಡಿದರು. ಅಣ್ಣ ನಕ್ಕ. “ಸರಿ ಮಗಾ. ಆದ್ರೆ ಹೊಸಾ ಆಟದಲ್ಲಿ. ಹಳೇದರ ಕಾಲ ಮುಗೀತು.”

ನಾನು ಒಪ್ಪಿದೆ. ಒಪ್ಪದಿದ್ದರೆ ರೂಮು ಕಾಫಿ ಲೋಟದ ಜೊತೆಗೇ ಅವನ ಕೈಗೆ ಹೋಗುತ್ತಿತ್ತು. ಆಮೇಲೆ ಒಳಗೊಳಗೆ ಒಂದು ಸೊಕ್ಕೂ ಇತ್ತು: ಬಟನ್ ಒತ್ತುವವರನ್ನು ವಿದ್ಯೆ ಇದ್ದವರು ಸೋಲಿಸಲಾರರೇ? ವಾಡಿಕೆಯ ಹಾಗೆ ಷರತ್ತನ್ನು ನಾನೇ ಗಟ್ಟಿಯಾಗಿ ಹೇಳಿದೆ: “ಶನಿವಾರ ಸಂಜೆ ಅಪ್ಪ ಗೇಟು ತೆಗೆದಾಗ ಗೆದ್ದು ಕೂತವರು ಯಾರೋ ಅವರದು ರೂಮು. ಆಮೇಲೆ ಯಾರೂ ಕೊಸರಾಡೋ ಹಾಗಿಲ್ಲ.” ಅಮ್ಮ ಕುಚ್ಚಿನ ಗಂಟು ಬಿಗಿಯುತ್ತಾ, “ಯಾರೋ ಅವರದು” ಎಂದು ಮೆಲ್ಲಗೆ ಅಂದಳು. ಹಾಡಿನ ಪಲ್ಲವಿ ಹಿಡಿದ ಹಾಗೆ. ನಾನು ಗಮನ ಕೊಡಲಿಲ್ಲ.

ಶನಿವಾರ ಅಪ್ಪ ವಾಕಿಂಗ್ ಶೂ ಹಾಕಿಕೊಂಡು ಹೊರಟರು. ನಾವು ಕೂತೆವು. ಅಣ್ಣ ನಾಚಿಕೆಯಿಲ್ಲದೆ ಸುಲಭ ವಿಧಾನ ಆರಿಸಿಕೊಂಡ. ನಾನು ಹಳೆಯ ವಿಧಾನ. ಚೆಂದವಾಗಿಯೇ ಆಡಿದೆ. ಅವನ ದೈತ್ಯನನ್ನು ಮೂಲೆಗೆ ತಳ್ಳಿ, ಬಲೆ ಬೀಸಿ, ಎತ್ತಿ, ಬಡಿದೆ. ಹೊಡೆದಷ್ಟೂ ಅವನ ತಲೆಯ ಮೇಲೆ ಆ ಕೆಂಪು ಗೆರೆ ತುಂಬುತ್ತಿತ್ತು. ನನ್ನ ಶ್ರಮದಿಂದಲೇ ಅವನ ಅಸ್ತ್ರ ತಯಾರಾಗುತ್ತಿತ್ತು. ತುಂಬಿತು. ಅವನು ಒಂದು ಒತ್ತಿದ. ಪರದೆ ಬೆಳ್ಳಗಾಯಿತು, ಯಾವುದೋ ಜ್ವಾಲಾಮುಖಿ, ಯಾವುದೋ ಗುಡುಗು, ಹಿನ್ನೆಲೆಯಲ್ಲಿ ಹತ್ತು ಪಿಟೀಲು. ಎಲ್ಲ ತಣ್ಣಗಾದಾಗ ನನ್ನ ಶ್ಯಾಂಪೂ ಸುಂದರಿ ನೆಲಕ್ಕೆ ಒರಗಿದ್ದಳು, ಕೂದಲು ಮಾತ್ರ ಆಗಲೂ ಹಾರುತ್ತಿತ್ತು.

“ಹಾರೇ ಸೋ ಉಠೋ!” ಅಂತ ಅಣ್ಣ ಎರಡೂ ಕೈ ಎತ್ತಿದ.

ಎದ್ದೆ. ಮೈಯೆಲ್ಲ ಉರಿಯುತ್ತಿತ್ತು. ಆದರೂ ಶಾಸ್ತ್ರ ಬಿಡದೆ ಪ್ಯಾಡನ್ನು ಚಾಚಿ, ಅವಳ ಮುಖವನ್ನೂ ನೋಡದೆ, “ಅಮ್ಮ, ಆಡ್ತೀಯಾ?” ಅಂದೆ.

ಅಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿಟ್ಟಳು. ಬಾಯಿಂದ ದಾರ ತೆಗೆದಳು.

“ಕೊಡು.”

ಅಣ್ಣನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. “ಅಮ್ಮ, ಇದು ಸುಮ್ನೆ ಕೇಳೋದು” ಅಂದ ಅಣ್ಣ.

“ಇಷ್ಟು ವರ್ಷ ಸುಮ್ನೆ ಕೇಳಿದ್ರಾ? ಸರಿ ಹೋಯ್ತು. ಸರ್ಕೋ ಆ ಕಡೆ.”

ಅವಳು ಸೆರಗು ಸಿಕ್ಕಿಸಿಕೊಂಡು ಕೂತಳು. ಪ್ಯಾಡನ್ನು ತಲೆಕೆಳಗಾಗಿ ಹಿಡಿದಿದ್ದಳು, ನಾನು ತಿರುಗಿಸಿ ಕೊಟ್ಟೆ. ಪರದೆಯ ಮೇಲೆ ನನ್ನ ಹುಡುಗಿಯೇ ಅವಳ ಆಳಾದಳು. ಹೊಸಬರು ಬಂದಿದ್ದಾರೆಂದು ಆಟಕ್ಕೇ ವಾಸನೆ ಹತ್ತಿ, ಸುಲಭ ವಿಧಾನ ಬೇಕೇ ಎಂದು ಪರದೆಯ ಮೇಲೆ ಕೇಳಿತು. “ಬೇಕಪ್ಪ, ಕಷ್ಟ ಯಾರಿಗೆ ಬೇಕು” ಅಂತ ಅಮ್ಮ ಟೀವಿಗೇ ಉತ್ತರ ಕೊಟ್ಟು ಒತ್ತಿದಳು. ಆಮೇಲೆ ಒತ್ತುತ್ತಲೇ ಇದ್ದಳು. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಟಪಟಪಟಪ. ಅಣ್ಣ ಮೊದಲು ನಗುತ್ತಾ ಎರಡು ಗುದ್ದು ಕೊಟ್ಟ, ಆಮೇಲೆ ನಗು ನಿಲ್ಲಿಸಿ ನಾಲ್ಕು ಕೊಟ್ಟ. ಕೆಂಪು ಗೆರೆ ತುಂಬಿತು. ಜ್ವಾಲಾಮುಖಿ, ಗುಡುಗು, ಪಿಟೀಲು. ದೈತ್ಯ ಅಂಗಾತ.

“ಏಳೋ” ಅಂದಳು ಅಮ್ಮ.

ಈಗ ನನ್ನ ಸರದಿ, ಅಣ್ಣನ ಪ್ಯಾಡು ನನ್ನ ಕೈಗೆ ಬಂತು. ಅಣ್ಣನಂತೆ ನಾನು ಬೀಳುವುದಿಲ್ಲ, ಗೆರೆ ತುಂಬದ ಹಾಗೆ ನಾಜೂಕಾಗಿ ಹೊಡೆಯುತ್ತೇನೆ ಎಂದುಕೊಂಡೆ. ಅದು ಈ ಆಟದ ಹಲ್ಕಾತನದ ಅಂದಾಜಿಲ್ಲದವರ ಯೋಚನೆ. ನಾಜೂಕಾಗಿ ಹೊಡೆಯಲು ನಾನು ಕಡ್ಡಿ ತಿರುಗಿಸುವಷ್ಟರಲ್ಲಿ ಅಮ್ಮನ ಟಪಟಪಕ್ಕೆ ಹುಡುಗಿ ಬಲೆ ಬೀಸಿ ಆಗಿತ್ತು. ಅದೇ ಬಲೆ, ನನ್ನದೇ. ನಾನು ಬೊಕ್ಕೆ ಬರಿಸಿಕೊಂಡು ಕಲಿತ ಬಲೆಯೊಳಗೆ ಸಿಕ್ಕಿ ಸೋತು, ಸೋಫಾದ ತುದಿಯಲ್ಲಿ ಕೂತು, ಮೀನಿನ ಹಾಗೆ ಬಾಯಿ ತೆರೆದೆ. ಆಗಲೇ ಗೇಟಿನ ಚಿಲಕ ಸರಿಯಿತು.

ಅಪ್ಪ ಬೆವರು ಒರೆಸುತ್ತಾ ಒಳಗೆ ಬಂದು, “ಏನಾಯ್ತು?” ಅಂದರು.

“ನಾನು ಗೆದ್ದೆ” ಅಂದಳು ಅಮ್ಮ.

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, ಶೂ ಬಿಚ್ಚುತ್ತಾ, “ಸರಿ ಸರಿ, ಅವಳದು ಲೆಕ್ಕಕ್ಕಿಲ್ಲ. ನಿಮ್ಮಿಬ್ಬರಲ್ಲಿ ಯಾರು ಗೆದ್ರಿ ಹೇಳಿ” ಅಂದರು.

“ನಾನು” ಅಂದ ಅಣ್ಣ ತಟ್ಟನೆ. “ಇವಳನ್ನ ನಾನು ಹೊಡೆದೆ ಅಪ್ಪ. ಅಮ್ಮ ಸುಮ್ನೆ ಬಟನ್ ಒತ್ತಿದ್ದು. ಇವಳೇ ವಾರವೆಲ್ಲ ಬಡ್ಕೊಂಡ್ಲಲ್ಲ, ಇದು ಆಟವೇ ಅಲ್ಲ, ಕೋತಿ ಒತ್ತಿದ್ರೂ ಗೆಲ್ಲುತ್ತೆ ಅಂತ. ಹೇಳೇ, ಹೇಳಿದ್ದೆ ತಾನೇ?”

ಹೇಳಿದ್ದೆ. ನನ್ನ ವಾದವನ್ನು ನನ್ನ ಮುಂದೆಯೇ, ಅದೂ ಇಷ್ಟು ಸೊಟ್ಟಗೆ ಮಂಡಿಸಿದ್ದು ನೋಡಿ ಹೊಟ್ಟೆ ಉರಿಯಿತು. ಆದರೆ ಅದೇ ಗಳಿಗೆಯಲ್ಲಿ ಗೆಲ್ಲುವ ದಾರಿಯೂ ನಿಚ್ಚಳವಾಗಿ ಕಂಡಿತು. ಹೌದು, ಇದು ಆಟವಲ್ಲ ಅನ್ನಬೇಕು. ಆಟವಲ್ಲದ ಮೇಲೆ ಅಮ್ಮನ ಗೆಲುವೂ ಗೆಲುವಲ್ಲ, ಅಣ್ಣನದೂ ಅಲ್ಲ. ಎಲ್ಲ ರದ್ದು. ಹಳೆಯ ಡಿಸ್ಕು ತೆಗೆಯಿರಿ, ಮುದುಕಿಯನ್ನು ಕರೆಯಿರಿ. ಊಟಕ್ಕೆ ಮೊದಲು ರೂಮಿನ ಬೀಗದ ಕೈ ನನ್ನ ಕೈಯಲ್ಲಿ. ಅಣ್ಣ ತಾನಾಗಿಯೇ ತನ್ನ ಗುಂಡಿ ತೋಡಿಕೊಂಡಿದ್ದ. ನಾನು ಒಂದು ವಾಕ್ಯದಷ್ಟು ತಳ್ಳಿದರೆ ಸಾಕಿತ್ತು.

ಅಮ್ಮನ ಕಡೆ ನೋಡಿದೆ. ಅವಳು ಇನ್ನೂ ಸೂಜಿ ತೆಗೆದುಕೊಂಡಿರಲಿಲ್ಲ. ಪ್ಯಾಡು ಮಡಿಲಲ್ಲಿತ್ತು, ಎರಡೂ ಕೈ ಅದರ ಮೇಲಿತ್ತು. ‘ಅವಳದು ಲೆಕ್ಕಕ್ಕಿಲ್ಲ’ ಎಂದ ಅಪ್ಪನ ಕಡೆ ಅವಳು ತಿರುಗಿರಲಿಲ್ಲ. ನನ್ನನ್ನು ನೋಡುತ್ತಿದ್ದಳು, ಅಷ್ಟೇ. ಈ ಮನೆಯಲ್ಲಿ ಅಪ್ಪನಿಗೆ ವರಾಂಡದ ಕುರ್ಚಿ ಇತ್ತು, ಅಣ್ಣನಿಗೆ ಮುಂದಿನ ರೂಮು, ನನಗೆ ಉಪ್ಪಿನಕಾಯಿ ಪಕ್ಕದ ಮೂಲೆ. ಅಮ್ಮ ಸೀರೆ ಉಡುತ್ತಿದ್ದದ್ದು ದೇವರ ಮನೆಯ ಬಾಗಿಲು ಒರಗಿಸಿಕೊಂಡು, ಅದಕ್ಕೂ ಚಿಲಕವಿರಲಿಲ್ಲ. ಇದನ್ನು ನಾನು ಅಲ್ಲಿಯವರೆಗೆ ಯಾವ ವಾದದಲ್ಲೂ ಬಳಸಿರಲಿಲ್ಲ, ಯಾಕೆಂದರೆ ನನಗೆ ಹೊಳೆದೇ ಇರಲಿಲ್ಲ.

ಚರ್ಚಾಸ್ಪರ್ಧೆಯಲ್ಲಿ ಪಕ್ಷ ನಮ್ಮ ಇಷ್ಟಕ್ಕೆ ಸಿಗುವುದಿಲ್ಲ. ಚೀಟಿ ಎತ್ತುತ್ತಾರೆ, ಬಂದದ್ದರ ಪರವಾಗಿ ನಿಲ್ಲಬೇಕು. ಎಂಥೆಂಥ ದರಿದ್ರ ವಿಷಯಗಳ ಪರವಾಗಿ ನಾನು ಗಂಟಲು ಹರಿದುಕೊಂಡಿಲ್ಲ! ಆದರೂ ಆ ಸಂಜೆ ಎತ್ತಿಕೊಂಡಷ್ಟು ಕೆಟ್ಟ ಪಕ್ಷ ಯಾವ ಚೀಟಿಯಲ್ಲೂ ಬಂದಿರಲಿಲ್ಲ.

“ಇದು ಒಳ್ಳೇ ಆಟ” ಅಂದೆ.

“ಏನು?” ಅಂದ ಅಣ್ಣ.

“ಒಳ್ಳೇ ಆಟ. ನ್ಯಾಯವಾದ ಆಟ. ನನ್ನ ಅಭಿಪ್ರಾಯ ಬದಲಾಯ್ತು. ನೀನೇ ಹೇಳಿದ್ಯಲ್ಲ ಗುರು, ಹೊಸಬರೂ ಆಡ್ಲಿ ಅಂತ ಮಾಡಿದಾರೆ ಅಂತ. ಹೊಸಬರು ಆಡಿದ್ರು. ಗೆದ್ರು.”

“ಲೇ, ಅಮ್ಮ ಬರೀ ಒಂದು ಬಟನ್—”

“ನೀನೆಷ್ಟು ಬಟನ್ ಒತ್ತಿದೆ?”

ಅಣ್ಣ ತನ್ನ ಹೆಬ್ಬೆರಳು ನೋಡಿಕೊಂಡ.

“ಒಂದು ಬಟನ್ ಗೆಲುವು ಗೆಲುವಲ್ಲ ಅಂದ್ರೆ ನೀನೂ ಗೆದ್ದಿಲ್ಲ. ಗೆಲುವೇ ಅಂದ್ರೆ ಅಮ್ಮ ಗೆದ್ದಿದಾಳೆ, ನಿನ್ನನ್ನೂ ನನ್ನನ್ನೂ. ಎರಡರಲ್ಲಿ ಯಾವುದು ಬೇಕು ಆರಿಸ್ಕೋ. ಮೊದಲನೇದು ಆರಿಸ್ಕೊಂಡ್ರೆ ಹಳೇ ಡಿಸ್ಕ್ ಹಾಕ್ತೀನಿ, ಈಗಲೇ, ಇಲ್ಲೇ.”

ಹಳೆಯ ಡಿಸ್ಕು ಎಂದ ಕೂಡಲೇ ಅವನ ಮುಖದಲ್ಲಿ ಕಸಾಯಿಯವರ ಕತ್ತಿ ಮಿಂಚಿ ಹೋಯಿತು.

ಅಪ್ಪ ಕೈ ಎತ್ತಿದರು. “ಮಾತಲ್ಲಿ ತೀರ್ಮಾನ ಬೇಡ ಅಂದಿದ್ದೀನಿ.”

“ಬೇಡ ಅಪ್ಪ. ಆಟದಲ್ಲೇ ತೀರ್ಮಾನ ಆಯ್ತಲ್ಲ. ಗೇಟು ತೆಗೆದಾಗ ಗೆದ್ದು ಕೂತೋರು ಯಾರೋ ಅವರದು. ಚಿಲಕ ಸರಿಸಿದ್ದು ನೀವೇ.”

ಅಪ್ಪ ಅಮ್ಮನ ಕಡೆ ತಿರುಗಿದರು. “ನಿನಗ್ಯಾಕೆ ಮಾರಾಯ್ತಿ ಮೇಲಿನ ರೂಮು? ಮಂಡಿನೋವು ಅಂತೀಯ, ಮೆಟ್ಟಿಲು ಹತ್ತೋಕಾಗುತ್ತಾ?”

“ನೀವು ಯಾರೂ ಹತ್ತಿ ಬರಲ್ಲ ಅಂದ್ರೆ ನಾನು ಹತ್ತುತ್ತೀನಿ” ಅಂದಳು ಅಮ್ಮ. ಎದ್ದು, ಪ್ಯಾಡನ್ನು ನನ್ನ ಕೈಗೆ ಕೊಟ್ಟು, ಅನ್ನಕ್ಕಿಡಲು ಒಳಗೆ ಹೋದಳು.

ಮರುದಿನವೇ ಅವಳ ದಾರದ ಡಬ್ಬಿಗಳು, ಒಂದು ಕುರ್ಚಿ, ಒಂದು ಚಾಪೆ ಮೇಲೆ ಹೋದವು. ಮಟನ್ ತರಲು ಹೋದ ಅಣ್ಣನ ಕೈಯಲ್ಲೇ ಶಿವಾಜಿನಗರದಿಂದ ಒಂದು ದಪ್ಪ ಚಿಲಕ ತರಿಸಿ, ಅವನ ಕೈಯಲ್ಲೇ ಹಾಕಿಸಿದಳು. ಒಳಗಡೆಯಿಂದ. ಮಧ್ಯಾಹ್ನ ಊಟವಾದ ಮೇಲೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು, ಆಮೇಲೆ ಚಿಲಕದ ಸದ್ದು. ಕಾಫಿಯ ಹೊತ್ತಿನವರೆಗೆ ಮನೆಯಲ್ಲಿ ಉಪ್ಪು ಎಲ್ಲಿದೆ ಎಂಬುದೂ ಯಾರಿಗೂ ಗೊತ್ತಾಗುವುದಿಲ್ಲ.

ಮೂರನೇ ಭಾಗದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಅದು ಸೋಮಾರಿಗಳು ಸೋಮಾರಿಗಳಿಗಾಗಿ ಮಾಡಿ, ಮುದುಕಿಯ ಬೆನ್ನನ್ನೂ ಮಾರಾಟಕ್ಕಿಟ್ಟ ಆಟ. ಅದರಲ್ಲಿ ಯಾರು ಬೇಕಾದರೂ ಗೆಲ್ಲುತ್ತಾರೆ ಎಂಬ ನನ್ನ ಆಕ್ಷೇಪಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಯೂ ಇಲ್ಲ. ಮನೆಯಲ್ಲಿ ಮಾತ್ರ ಇದನ್ನು ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಹೇಳಿದರೆ ತೀರ್ಪು ಬಿದ್ದುಹೋಗುತ್ತದೆ. ಅಣ್ಣ ಇದಕ್ಕಾಗಿಯೇ ಕಾದಿದ್ದಾನೆ. “ಆಟ ಹೇಗಿದೆ?” ಎಂದು ಊಟದ ನಡುವೆ ಕೆಣಕುತ್ತಾನೆ. “ಅದ್ಭುತ” ಎಂದು ನಾನು ತುತ್ತು ನುಂಗುತ್ತೇನೆ.

ಹೋದ ವಾರ ನನಗೊಂದು ಮುಖ್ಯವಾದ ಮೀಟಿಂಗಿತ್ತು. ಕೆಳಗೆ ಅಪ್ಪ ಹಾಕಿದ ಟೀವಿ, ಪಕ್ಕದ ಮನೆಯಲ್ಲಿ ಟೈಲ್ಸ್ ಕೊಯ್ಯುವ ಯಂತ್ರ. ಲ್ಯಾಪ್‌ಟಾಪು ಹಿಡಿದು ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ಚಿಲಕ ತೆಗೆಯಲಿಲ್ಲ.

“ಯಾರು?”

“ನಾನಮ್ಮ. ಒಂದರ್ಧ ಗಂಟೆ ರೂಮು ಕೊಡ್ತೀಯಾ? ಅರ್ಜೆಂಟು. ನಿನ್ನ ಪರವಾಗಿ ವಾದ ಮಾಡಿದ್ದು ನಾನೇ, ಮರೀಬೇಡ.”

ಒಳಗೆ ಕುರ್ಚಿ ಕಿರುಗುಟ್ಟಿತು. ದಾರ ಕಚ್ಚಿ ತುಂಡು ಮಾಡುತ್ತಿದ್ದಳೋ, ಯೋಚಿಸುತ್ತಿದ್ದಳೋ.

“ಮಾತಲ್ಲಿ ಬೇಡ” ಅಂದಳು ಆಮೇಲೆ. “ಕೆಳಗೆ ಹೋಗಿ ಆಟ ಹಾಕಿರು, ಬರ್ತೀನಿ.”

“ಯಾವುದು, ಹಳೇದಾ?”

“ಹೊಸದು ಕಣೇ. ಒಳ್ಳೇ ಆಟ ಅಂದೋಳು ನೀನೇ ಅಲ್ವಾ?”

ಮೀಟಿಂಗನ್ನು ಉಪ್ಪಿನಕಾಯಿಯ ಪಕ್ಕದಲ್ಲೇ ಮುಗಿಸಿದೆ.